ಶಾಂತವ್ವನ ಮನೆಯಲ್ಲಿದ್ದ ನಮ್ಮ ಚಟ್ಟಿ

ನಮ್ಮ ಮೀನಿನ ಚಟ್ಟಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಂಗಳ ದಾಟಿದರೆ ಶಾಂತವ್ವನ ಕೋಣೆ. ಅವಳ ಒಲೆಯ ಪಕ್ಕದ ಗೂಡಿನಲ್ಲಿ ಅದು ಬೋರಲಾಗಿ ಕೂತಿರುತ್ತಿತ್ತು. ಅಮ್ಮ ಮದುವೆಯಾಗಿ ನಾಸಿಕ್‌ಗೆ ಬರುವಾಗ ಕುಂದಾಪುರದಿಂದ ಬೈಹುಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲೂ ರೈಲಿನಲ್ಲೂ ಮಡಿಲಿನಿಂದ ಇಳಿಸದೆ ತಂದ ಮಣ್ಣಿನ ಚಟ್ಟಿ. ಅಷ್ಟು ದೂರ ಹೊತ್ತು ತಂದವಳಿಗೆ ಅದನ್ನು ತನ್ನ ಒಲೆಯ ಮೇಲೆ ಇಡುವ ಭಾಗ್ಯ ಬರಲಿಲ್ಲ. ಏಕೆಂದರೆ ಅಪ್ಪನದು ಹೋಟೆಲು. ಹಳೆಯ ಊರಿನಲ್ಲಿ ಅಂಗಳದ ಸುತ್ತ ಬಾಡಿಗೆ ಕೋಣೆಗಳಿದ್ದ ಒಂದು ದೊಡ್ಡ ಮನೆ, ಅಲ್ಲಿಯವರ ಮಾತಿನಲ್ಲಿ ವಾಡೆ. ಅದರ ಮುಂಭಾಗದಲ್ಲಿ ಹೋಟೆಲು, ಅದರ ಬೆನ್ನಿಗೆ ಅಂಟಿದ ಎರಡು ಕೋಣೆಗಳಲ್ಲಿ ನಾವು. ಹೋಟೆಲಿನ ಹಲಗೆಯ ಮೇಲೆ ಮರಾಠಿಯಲ್ಲಿ ದಪ್ಪಗೆ 'ಶುದ್ಧ ಶಾಕಾಹಾರಿ' ಎಂದು ಬರೆಸಿತ್ತು. ಇಡ್ಲಿ ದೋಸೆ ಮಾರುವವರು ಇಡ್ಲಿ ದೋಸೆಯನ್ನೇ ತಿಂದು ಬದುಕುತ್ತಾರೆ ಎಂದು ಗಿರಾಕಿಗಳು ನಂಬಿದ್ದರು. ಅಪ್ಪ ಹಾಗೆಂದು ಯಾರಿಗೂ ಸುಳ್ಳು ಹೇಳಿದವರಲ್ಲ. ಯಾರ ನಂಬಿಕೆಯನ್ನೂ ತಿದ್ದಲು ಹೋಗಲಿಲ್ಲ, ಅಷ್ಟೇ. ಒಳಗೆ ಅಡುಗೆಗೆ ಊರಿನಿಂದಲೇ ಬಂದ ಭಟ್ಟರಿದ್ದರು. ಅವರಿಗೆ ನಮ್ಮ ಕುಲಗೋತ್ರವೆಲ್ಲ ಗೊತ್ತು. ಸೇರುವ ದಿನವೇ ಅಪ್ಪನಿಗೆ ಹೇಳಿದ್ದರಂತೆ, ನೀವು ಎಲ್ಲಿ ಏನು ತಿನ್ನುತ್ತೀರೋ ನನಗೆ ಬೇಡ, ಆದರೆ ಈ ಹೊಸಿಲಿನೊಳಗೆ ಮೀನಿನ ಒಂದು ಮುಳ್ಳು ಕಂಡರೂ ನಾನು ಗಂಟು ಕಟ್ಟುತ್ತೇನೆ ಎಂದು. ಭಟ್ಟರು ಗಂಟು ಕಟ್ಟಿದರೆ ಹೋಟೆಲಿಗೆ ಬೀಗ.

ವಾಡೆಯ ಮಾಲೀಕರು ಗುಜರಾತಿನವರು. ಯಜಮಾನರು ವ್ಯಾಪಾರದ ಮೇಲೆ ಊರೂರು ತಿರುಗುತ್ತಿದ್ದುದರಿಂದ ಮನೆಯ ಆಡಳಿತ ಅವರ ತಾಯಿಯದು. ಇಡೀ ವಾಡೆ ಆಕೆಯನ್ನು ಗುಜರಾತಿಯಲ್ಲಿ ತಾಯಿ ಎಂಬರ್ಥದ 'ಬಾ' ಎಂದೇ ಕರೆಯುತ್ತಿತ್ತು. ಮಹಡಿಯ ಪಡಸಾಲೆಯಲ್ಲಿ ತೂಗುಮಂಚ, ಅದರ ಮೇಲೆ ಬಿಳಿ ಸೀರೆಯ ಬಾ, ಕೈಯಲ್ಲಿ ಜಪಮಾಲೆ. ಬೆಳ್ಳುಳ್ಳಿಯನ್ನೂ ಮುಟ್ಟದ ಹೆಂಗಸು. ಆದರೂ ಹಿಂದಿನ ಗಲ್ಲಿಗೆ ಬಾಗಿಲಿದ್ದ ಕೊನೆಯ ಕೋಣೆಯನ್ನು ಶಾಂತವ್ವನ ಗಂಡನಿಗೆ ಬಾಡಿಗೆಗೆ ಕೊಟ್ಟಿದ್ದಳು. ಶಾಂತವ್ವ ಕಲಬುರಗಿ ಕಡೆಯವಳು, ಭೀಮಾ ನದಿಯ ದಂಡೆಯ ಹಳ್ಳಿ, ಮೀನು ಹಿಡಿದೇ ಬದುಕಿದ ಮನೆತನ. ಗಂಡ ಹಣಮಂತನಿಗೆ ಸಾತಪುರದ ಹೊಸ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ತಾವು ಮೀನು ತಿನ್ನುವವರು ಎಂದು ಶಾಂತವ್ವ ಮೊದಲ ದಿನವೇ ಬಾಗೆ ನೇರವಾಗಿ ಹೇಳಿದ್ದಳಂತೆ. ಆಗ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಮೀನು ಬೇಯಿಸುವ ದಿನ ಅಂಗಳದ ಕಡೆಯ ಕಿಟಕಿ ಮುಚ್ಚಬೇಕು, ಗಲ್ಲಿಯ ಬಾಗಿಲು ತೆರೆಯಬೇಕು. ಚಾತುರ್ಮಾಸದ ನಾಲ್ಕು ತಿಂಗಳು ಮಾತ್ರ ಪೂರಾ ಬಿಡಬೇಕು. ಶಾಂತವ್ವ ಬಾಳ ಪಾದ ಮುಟ್ಟಿ ಆಣೆ ಮಾಡಿದಳು. ಬಾ ಕೂಡ ತನ್ನ ಕಡೆಯಿಂದ ಮರ್ಯಾದೆ ಉಳಿಸಿಕೊಂಡಳು. ಭಾನುವಾರ ಆ ಕಿಟಕಿ ಮುಚ್ಚಿದ್ದು ಕಂಡರೆ ಒಂದು ಮಾತೂ ಆಡದೆ ಜಪಮಾಲೆ ಎತ್ತಿಕೊಂಡು ರಸ್ತೆಯ ಕಡೆಯ ಬಾಲ್ಕನಿಗೆ ಹೋಗಿ ಕೂರುವಳು. ಕಿಟಕಿ ತೆರೆದ ಮೇಲೆ ಮತ್ತೆ ತೂಗುಮಂಚಕ್ಕೆ. ಹುಟ್ಟಿದಂದಿನಿಂದ ನಾನು ಕಂಡ ಅತ್ಯಂತ ಸಭ್ಯವಾದ ಸಂಸಾರ ಆ ಕಿಟಕಿಯ ಎರಡು ಕಡೆ ನಡೆಯುತ್ತಿತ್ತು.

ಬಾಗೆ ಗೊತ್ತಿಲ್ಲದ ಒಂದೇ ಸಂಗತಿಯೆಂದರೆ, ಆ ಮುಚ್ಚಿದ ಕಿಟಕಿಯ ಹಿಂದೆ ಬೇಯುತ್ತಿದ್ದ ಸಾರಿನಲ್ಲಿ ಅರ್ಧ ನಮ್ಮದು. ಭಾನುವಾರ ಬೆಳಿಗ್ಗೆ ಅಮ್ಮ ನಮ್ಮ ಒರಳಿನಲ್ಲೇ ಕಾಯಿ, ಕೊತ್ತಂಬರಿ, ಊರಿನ ಮೆಣಸು ಸೇರಿಸಿ ಗಂಧದಂತೆ ನುಣ್ಣಗೆ ರುಬ್ಬುವಳು. ಮಸಾಲೆಯೇನೂ ಮಾಂಸಾಹಾರಿಯಲ್ಲವಲ್ಲ! ಬಾ ಮಹಡಿಯಿಂದಲೇ ಮೂಗರಳಿಸಿ 'ಒಳ್ಳೆ ಪರಿಮಳ' ಎಂದು ಮೆಚ್ಚಿದ್ದೂ ಉಂಟು. ಆ ಮಸಾಲೆ ಮುಚ್ಚಿದ ಬೋಗುಣಿಯಲ್ಲಿ 'ಚಟ್ನಿ' ಎಂಬ ಹೆಸರಿನಿಂದ ಅಂಗಳ ದಾಟುತ್ತಿತ್ತು. ಮುಂಬೈಯಿಂದ ಮಂಜುಗಡ್ಡೆಯಲ್ಲಿ ಬಂದ ಬಂಗುಡೆಯನ್ನು ಹಣಮಂತ ಗಲ್ಲಿಯ ಬಾಗಿಲಿನಿಂದ ಒಳಗೆ ತರುತ್ತಿದ್ದ. ಕಾಯಿ ನಮ್ಮದು, ಮೆಣಸು ನಮ್ಮದು, ಚಟ್ಟಿ ನಮ್ಮದು. ಬೆಂಕಿ ಮತ್ತು ಹೆಸರು ಶಾಂತವ್ವನದು. ಮಧ್ಯಾಹ್ನ ಹೋಟೆಲಿನಲ್ಲಿ ಜನ ತೆಳುವಾದಾಗ ನಾವು ಒಬ್ಬೊಬ್ಬರಾಗಿ ಗಲ್ಲಿ ಸುತ್ತಿಕೊಂಡು ಹೋಗಿ ಉಂಡು ಬರುತ್ತಿದ್ದೆವು. ಅಪ್ಪ ಬಾಯಿ ತುಂಬ ಪಾನ್ ಹಾಕಿಕೊಂಡೇ ಗಲ್ಲಾಪೆಟ್ಟಿಗೆಯ ಮುಂದೆ ಮರಳುವರು. ಅಮ್ಮ ಕೈಗೆ ಕಾಫಿಪುಡಿ ಉಜ್ಜುವಳು. ನನಗೆ ಬೂದಿ, ಆಮೇಲೆ ಲಿಂಬೆಸಿಪ್ಪೆ. ಭಟ್ಟರು ಆ ಹೊತ್ತಿನಲ್ಲಿ ಮಾತ್ರ ಅಡುಗೆಮನೆಯ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಪ್ರತಿ ಸಲವೂ ಅಮ್ಮ ಕಿವಿಯ ಹತ್ತಿರ ಬಂದು ಅದೇ ಪಾಠ ಹೇಳುವಳು:

"ಶಾಲೆಗೆ ಹೋಯಿ ಎಲ್ಲೂ ಹೇಳೂಕಾಗ, ಗೊತ್ತಾಯ್ತಾ? ಕೇಂಡ್ರೆ ನಾವ್ ತಿಂಬುದಿಲ್ಲ ಅನ್ಕ್."

ನಮ್ಮ ಮನೆಯ ಕಿಟಕಿಯ ಮೊಳೆಗೆ ಅಂಚು ಮುರಿದ ಒಂದು ಪಿಂಗಾಣಿ ಕಪ್ಪು ನೇತಾಡುತ್ತಿತ್ತು. ಅದು ಶಾಂತವ್ವನಿಗೆ. ಯಾರೂ ಇಲ್ಲದಾಗ ಅವಳು ನಮ್ಮ ಅಡುಗೆಮನೆಯಲ್ಲೇ ಕಾಲು ಚಾಚಿ ಕೂತು, ನಾವು ಕುಡಿಯುವ ಸ್ಟೀಲಿನ ಲೋಟದಲ್ಲೇ ಚಹಾ ಕುಡಿಯುತ್ತಿದ್ದಳು. ಬಾ ಕೆಳಗಿಳಿದು ಬಂದರೆ, ಅರಿಶಿನ ಕುಂಕುಮಕ್ಕೆ ವಾಡೆಯ ಹೆಂಗಸರು ಸೇರಿದರೆ, ಆಗ ಅವಳಿಗೆ ಆ ಕಪ್ಪು. ಇದನ್ನು ಅಮ್ಮ ಅವಳಿಗೆ ಹೇಳಬೇಕಾಗಿಯೇ ಬರಲಿಲ್ಲ. ಮೆಟ್ಟಿಲ ಮೇಲೆ ಬಾಳ ಚಪ್ಪಲಿಯ ಸದ್ದಾದ ಕೂಡಲೇ ಶಾಂತವ್ವ ತಾನೇ ಎದ್ದು ಲೋಟದ ಚಹಾವನ್ನು ಕಪ್ಪಿಗೆ ಬಗ್ಗಿಸಿಕೊಂಡು ಹೊಸಿಲಿನ ಆಚೆ ಕೂರುವಳು, ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸುವಳು. ನನಗೆ ಅದೊಂದು ಆಟ. ನಗು ತಡೆಯಲಾರದೆ ಒಳಗೆ ಓಡುತ್ತಿದ್ದೆ. ನಮ್ಮ ಮೀನು ಬೇಯಿಸಿದ ಕೈಗೆ ನಾವೇ ಬೇರೆ ಕಪ್ಪು ಕೊಡುತ್ತಿದ್ದೆವು ಎನ್ನುವುದು ನಗುವ ಮಾತಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಅಮ್ಮನಿಗೆ ಅದು ಆಗಲೇ ತಿಳಿದಿತ್ತೋ ಏನೋ. ಆ ಕಪ್ಪನ್ನು ತೊಳೆಯುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಗಲಿಡೀ ಅಪ್ಪ ಅಮ್ಮ ಇಬ್ಬರೂ ಹೋಟೆಲಿನ ಕೆಲಸದಲ್ಲಿ ಮುಳುಗಿರುತ್ತಿದ್ದುದರಿಂದ ನಾನು ಬೆಳೆದದ್ದು ಶಾಂತವ್ವನ ಕೋಣೆಯಲ್ಲೇ. ಅವಳಿಗೆ ಮಕ್ಕಳಿರಲಿಲ್ಲ. 'ನನಗ ಚಿಗವ್ವ ಅನ್ನು' ಎಂದು ಕಲಿಸಿದಳು, ಅವರ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಶಾಲೆಯಲ್ಲಿ ಮರಾಠಿ, ಬಾಳ ಮೊಮ್ಮಗಳು ಹಂಸಾಳ ಜೊತೆ ಹಿಂದಿ, ಮನೆಯಲ್ಲಿ ಅಮ್ಮನ ಅವಸರದ ನಾಲ್ಕು ಮಾತು. ಕನ್ನಡವನ್ನು ಕೂತು, ಉದ್ದಕ್ಕೆ, ಕಥೆಯಂತೆ ನನ್ನ ಕಿವಿಗೆ ಹಾಕಿದವಳು ಚಿಗವ್ವ. ಭೀಮೆ ತುಂಬಿ ಬಂದಾಗ ಅವರಪ್ಪ ಬಲೆ ಬೀಸಿದ್ದು, ಮೊಸಳೆ ಬಂದಿದ್ದು, ಸೋಮವಾರ ನದಿಗೆ ಬಲೆ ಹಾಕದೆ ಕೈ ಮುಗಿಯುತ್ತಿದ್ದುದು. ಇವತ್ತಿಗೂ ಯಾರಾದರೂ ನನ್ನ ಮಾತು ಕೇಳಿ ನೀವು ಕುಂದಾಪುರದವರು ಅಂತೀರಿ, ಮಾತು ಕಲಬುರಗಿಯದಲ್ಲವೇ ಎಂದರೆ ಎದೆಯಲ್ಲಿ ಏನೋ ಚುಚ್ಚುತ್ತದೆ. ಅವಳಿಂದ ಪಡೆದ ನಾಲಿಗೆಯನ್ನು ಮೊದಲು ಅವಳ ಮೇಲೆಯೇ ಬಿಟ್ಟವಳು ನಾನು.

ನನಗೆ ಹತ್ತು ವರ್ಷವಿರಬೇಕು. ಆ ಮಳೆಗಾಲದಲ್ಲಿ ಟೈಫಾಯಿಡ್ ಬಂದು ಮೂರು ವಾರ ಮಲಗಿದೆ. ಜ್ವರ ಬಿಟ್ಟಿತು, ನಾಲಿಗೆಯ ರುಚಿ ಮರಳಲಿಲ್ಲ. ಅನ್ನ ಕಂಡರೆ ವಾಕರಿಕೆ. ನಮ್ಮ ಊರಿನ ಕಡೆ ಜ್ವರ ಬಿಟ್ಟವರಿಗೆ ಗಂಜಿಯ ಜೊತೆ ಸುಟ್ಟ ಒಣಮೀನಿನ ಒಂದು ಚೂರು ಕೊಡುತ್ತಾರೆ. ಉಪ್ಪು ತಾಗಿದ ಕೂಡಲೇ ಸತ್ತ ನಾಲಿಗೆ ಎದ್ದು ಕೂರುತ್ತದೆ. ಹೋದ ರಜೆಯಲ್ಲಿ ಅಜ್ಜಿಯ ಮನೆಯಲ್ಲಿ ತಿಂದದ್ದು ನನಗೆ ನೆನಪಾಗಿ, ಅದೇ ಬೇಕೆಂದು ಹಟ ಹಿಡಿದೆ. ಆ ವೇಳೆಗೆ ಸರಿಯಾಗಿ ಊರಿನಿಂದ ಬಂದ ಮಾವ, ತಂಗಿಗೆ ಇರಲಿ ಎಂದು ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ನಾಲ್ಕು ಒಣ ಬಂಗುಡೆ ಬಚ್ಚಿಟ್ಟು ತಂದಿದ್ದರು. ಆದರೆ ಅದು ಚಾತುರ್ಮಾಸ. ಶಾಂತವ್ವನ ಕಿಟಕಿ ಆಷಾಢ ಏಕಾದಶಿಯಿಂದ ಹಗಲಿರುಳು ತೆರೆದೇ ಇತ್ತು. ಆ ತಿಂಗಳುಗಳಲ್ಲಿ ಮಧ್ಯಾಹ್ನ ಬಾ ಪುರಾಣದ ಪೋಥಿ ಓದಿಸಿಕೊಳ್ಳುವಳು, ಓದುವವಳು ನಾನು. ಆಕೆಗೆ ಕಣ್ಣು ಮಂಜು. ನಾನು ತಡವರಿಸದೆ ಓದುತ್ತೇನೆ ಎಂದು ಅಂಗೈಗೆ ಕಲ್ಲುಸಕ್ಕರೆ ಹಾಕುವಳು. ಈ ಹುಡುಗಿ ಸುಳ್ಳಾಡುವುದಿಲ್ಲ, ಇವಳ ಬಾಯಿಂದ ಪೋಥಿ ಕೇಳಿದರೆ ಪುಣ್ಯ ಎಂದು ಬಂದವರಿಗೆಲ್ಲ ಹೇಳುವಳು. ಕೇಳಿ ನಾನು ಉಬ್ಬುತ್ತಿದ್ದೆ.

ಅಮ್ಮ ನನ್ನನ್ನು ಎತ್ತಿಕೊಂಡೇ ಶಾಂತವ್ವನ ಕೋಣೆಗೆ ಹೋದಳು. ಹತ್ತು ವರ್ಷದವಳನ್ನು ಎತ್ತಿಕೊಳ್ಳಬಹುದಾಗಿದ್ದರೆ ನಾನೆಷ್ಟು ಕರಗಿದ್ದೆನೋ ಲೆಕ್ಕ ಹಾಕಿ. ಸೆರಗಿನಿಂದ ಕಾಗದದ ಪೊಟ್ಟಣ ತೆಗೆದು ನೆಲದ ಮೇಲಿಟ್ಟಳು. ಶಾಂತವ್ವ ಬಗ್ಗಿ ಮೂಸಿ ನೋಡಿ ಹಿಂದೆ ಸರಿದಳು.

"ಏ ಯವ್ವಾ, ಇದೇನ್ರಿ ಅಕ್ಕೋರೆ, ಇದು ಸತ್ತು ವರ್ಷ ಆಗ್ಯಾದ ನೋಡ್ರಿ!"

"ಒಂದೇ ಒಂದ್ ಚೂರ್ ಕೆಂಡದ್ ಮೇಲ್ ಸುಟ್ಟ್ ಕೊಡಿ ಶಾಂತವ್ವಾ. ಹೆಣ್ಣಿಗೆ ಗಂಜಿ ಇಳೂದಿಲ್ಲ."

"ಬ್ಯಾಡ್ರಿ. ಬಾಗ ಮಾತ ಕೊಟ್ಟೀನಿ. ಪಾದ ಮುಟ್ಟಿ ಆಣಿ ಮಾಡೀನ್ರಿ ನಾ. ನಾವಾದ್ರ ಈ ನಾಕ ತಿಂಗಳ ವಾಸನಿನೂ ನೋಡಂಗಿಲ್ಲ."

"ನೀವ್ ತಿನ್ನೂದ್ ಬೇಡ. ಅವ್ಳ ಮೊಕ ಕಾಣಿ ಒಂದ್ಸಲ."

ಶಾಂತವ್ವ ನನ್ನ ಮುಖ ನೋಡಿದಳು. ನಾನೂ ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟು ಸೋತ ಮುಖ ಮಾಡಿದೆ. ಜ್ವರ ನಿಜ, ಹಸಿವೂ ನಿಜ. ಆದರೆ ಮುಖ ಮಾಡಿದ್ದು ನಾನು, ಅದು ನನಗೆ ಚೆನ್ನಾಗಿ ನೆನಪಿದೆ. ಅವಳು ಒಂದು ನಿಟ್ಟುಸಿರು ಬಿಟ್ಟಳು. ಬಾ ಊಟ ಮುಗಿಸಿ ಮಲಗುವ ಹೊತ್ತಿಗೆ ನನ್ನನ್ನು ಕಳಿಸಲು ಅಮ್ಮನಿಗೆ ಹೇಳಿದಳು.

ಅಲ್ಲಿ ಒಂದು ತಪ್ಪು ಲೆಕ್ಕಾಚಾರವಾಯಿತು. ಶಾಂತವ್ವ ಹೊಳೆಯ ಮೀನಿನವಳು, ಕಡಲಿನ ಒಣಮೀನನ್ನು ಕೆಂಡದ ಮೇಲಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿರಬೇಕಿತ್ತು. ಆದರೆ ಕಡಲ ದಂಡೆಯಲ್ಲಿ ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿರುವಾಗ ಅದು ವಾಸನೆಯೆಂದು ಯಾರ ಮೂಗಿಗೂ ಅನಿಸುವುದಿಲ್ಲ. ಸಾರಿನ ವಾಸನೆಯನ್ನು ತಡೆಯುತ್ತಿದ್ದ ಕಿಟಕಿ ಒಣಮೀನಿನ ಹೊಗೆಗೆ ಯಾವ ಲೆಕ್ಕ? ಶಾಂತವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಕ್ಕಳದಿಂದ ಮೀನು ತಿರುವಿ, ಮುಳ್ಳು ಬಿಡಿಸಿ, ನನ್ನ ಗಂಜಿಗೆ ಚೂರು ಚೂರೇ ಹಾಕಿದಳು. 'ಲಗೂ ತಿನ್ನು ತಂಗಿ, ಲಗೂ' ಎನ್ನುತ್ತಿದ್ದಳು. ಮೂರು ವಾರದ ಮೇಲೆ ನಾಲಿಗೆಯಲ್ಲಿ ಉಪ್ಪು ಓಡಿತು. ನಾನು ಇಡೀ ಬಟ್ಟಲು ಖಾಲಿ ಮಾಡಿದೆ. ಅಷ್ಟು ರುಚಿಯಾಗಿ ಜೀವನದಲ್ಲಿ ಮತ್ತೆ ಏನನ್ನೂ ಉಣ್ಣಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮುಗಿದ ಕೂಡಲೇ ಅವಳು ನನ್ನ ಕೈ ತೊಳೆಸಿ, ಗಲ್ಲಿಯ ಬಾಗಿಲಿನಿಂದ ಹೊರಗೆ ಕಳಿಸಿದಳು. ಗೋಡೆ ಹಿಡಿದು ಹಿಡಿದು ಗಲ್ಲಿ ಸುತ್ತಿ ನಾನು ಅಂಗಳಕ್ಕೆ ಬರುವಷ್ಟರಲ್ಲಿ ಅಲ್ಲಿ ಜನ ನೆರೆದಿದ್ದರು.

ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಯಾತ್ರಿಕರು ತಾಟು ಬಿಟ್ಟು ಎದ್ದಿದ್ದರು. ಭಟ್ಟರು ಸೌಟು ಹಿಡಿದೇ ಹಿಂಬಾಗಿಲಿಗೆ ಬಂದಿದ್ದರು. ಅಪ್ಪ ಒಂದು ಸಲ ಭಟ್ಟರನ್ನು, ಒಂದು ಸಲ ಗಿರಾಕಿಗಳನ್ನು ನೋಡುತ್ತ ನಿಂತಿದ್ದರು. ಬಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲ ಕೆಳಗೆ, ಪಕ್ಕದಲ್ಲಿ ಹಂಸಾ. ಬಾ ಕೂಗಾಡುವವಳಲ್ಲ. ಮುಚ್ಚಿದ ಆ ಕಿಟಕಿಯನ್ನೇ ನೋಡುತ್ತಿದ್ದಳು. ಚಾತುರ್ಮಾಸದಲ್ಲಿ ಅದು ಮುಚ್ಚಿದ್ದನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಆದರೂ ನೇರವಾಗಿ ಹೋಗಿ ಬಾಗಿಲು ತಟ್ಟಲಿಲ್ಲ. ಕೊಟ್ಟ ಮಾತಿನ ಮೇಲೆ ಅನುಮಾನ ಪಡುವುದು ಆಕೆಗೂ ಕಷ್ಟವಾಗಿತ್ತು. ಸುತ್ತ ಕಣ್ಣಾಡಿಸಿ ನನ್ನನ್ನು ಕಂಡಳು. ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟಳು.

"ಬೇಬಿ, ತೂ ಝೂಟ್ ನಹೀ ಬೋಲ್ತಿ. ಬತಾ, ಕಿಸ್ಕೇ ಘರ್ ಸೇ?"

ನೀನು ಸುಳ್ಳಾಡುವವಳಲ್ಲ, ಯಾರ ಮನೆಯಿಂದ ಹೇಳು ಎಂದು ಕೇಳಿದ್ದು. ನಾನು ಅಮ್ಮನನ್ನು ನೋಡಿದೆ. ಅಮ್ಮ ಒರಳಿನ ಪಕ್ಕ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳು ಕಣ್ಸನ್ನೆ ಮಾಡಲಿಲ್ಲ. ಅಪ್ಪ ಕೆಮ್ಮಲಿಲ್ಲ. ಯಾರೂ ಏನನ್ನೂ ಹೇಳಿಕೊಡಲಿಲ್ಲ.

"ಶಾಂತವ್ವ ಕೇ ಘರ್ ಸೇ," ಎಂದೆ. ಅದು ನಿಜವೇ. ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತು ಇದನ್ನು ಬರೆಯಬೇಕಾಗಿ ಬರುತ್ತಿರಲಿಲ್ಲವೇನೋ. ಆದರೆ ನಾನು ನಿಲ್ಲಿಸಲಿಲ್ಲ. "ವೋ ರೋಜ್ ಖಾತೀ ಹೈ. ಛುಪಾಕೇ. ಹಮ್ ಉಧರ್ ಪಾನೀ ಭೀ ನಹೀ ಪೀತೇ."

ದಿನಾ ತಿನ್ನುತ್ತಾಳೆ, ಕದ್ದು ತಿನ್ನುತ್ತಾಳೆ, ನಾವು ಅಲ್ಲಿ ನೀರು ಕೂಡ ಕುಡಿಯುವುದಿಲ್ಲ. ಯಾರೂ ಕೇಳದ ಮೂರು ಮಾತು. ಜ್ವರದ ಹುಡುಗಿ, ಹೆದರಿದ್ದಳು ಎಂದು ನನ್ನ ಗಂಡ ಎಷ್ಟೋ ಸಲ ಸಮಾಧಾನ ಹೇಳಿದ್ದಾರೆ. ಹೆದರಿದ್ದು ನಿಜ. ಆದರೆ ಬಾಳ ಕೈ ನನ್ನ ತಲೆಯ ಮೇಲಿತ್ತು, ಸುತ್ತ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು, ನಾನು ಪೋಥಿ ಓದುವ ಹಾಗೆಯೇ ತಡವರಿಸದೆ ಹೇಳಿದೆ. ಹೇಳುವಾಗ ಒಳಗೆಲ್ಲೋ ಹಿತವಾಗಿತ್ತು. ಆ ಹಿತವನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಕಿಟಕಿ ತೆರೆಯಿತು. ನನ್ನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಶಾಂತವ್ವ ಹೊರಗೆ ಬಂದು ಅಂಗಳದ ನಡುವೆ ನಿಂತಳು. ಅವಳ ಒಂದೇ ಮಾತು ಸಾಕಿತ್ತು: ಈ ಹುಡುಗಿಯ ಕೈ ಮೂಸಿ ನೋಡಿ ಅಂದಿದ್ದರೆ ಮುಗಿಯುತ್ತಿತ್ತು. ಭಟ್ಟರು ಗಂಟು ಕಟ್ಟುತ್ತಿದ್ದರು, ಹಲಗೆ ಇಳಿಯುತ್ತಿತ್ತು, ನಾವು ಊರಿಗೆ ಮರಳುತ್ತಿದ್ದೆವು. ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ತಲೆ ಎತ್ತಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. ನಾನು ಗಂಜಿ ಪೂರ್ತಿ ಉಂಡೆನೋ ಇಲ್ಲವೋ ಎಂದು ನೋಡುವವಳ ಹಾಗೆ ನೋಡಿದಳು. ಬಾಳ ಪಾದದ ಹತ್ತಿರ ಕೂತು ತನ್ನ ಹರಕು ಹಿಂದಿಯಲ್ಲೂ ಅಲ್ಲ, ನೇರ ಕನ್ನಡದಲ್ಲೇ ಹೇಳಿದಳು:

"ತಪ್ಪಾಯ್ತ್ರಿ ಬಾ. ನಂದೇ ಬಾಯಿ ಚಟ."

ಅಪ್ಪ ಅದನ್ನು ಬಾಗೆ ಹಿಂದಿಯಲ್ಲಿ ತಿಳಿಸಿಕೊಟ್ಟರು.

ಬಾ ಶಾಂತವ್ವನನ್ನು ವಾಡೆಯಿಂದ ಹೊರಗೆ ಹಾಕಲಿಲ್ಲ. ಕಿಟಕಿಯ ಕಡೆ ನೋಡುವುದನ್ನು ಬಿಟ್ಟಳು. ತೂಗುಮಂಚವನ್ನೇ ಪಡಸಾಲೆಯ ಇನ್ನೊಂದು ತುದಿಗೆ ಹಾಕಿಸಿದಳು. ನಲ್ಲಿಯ ಹತ್ತಿರ ಶಾಂತವ್ವ ಬಂದರೆ ಉಳಿದ ಹೆಂಗಸರು ಕೊಡ ಹಿಂದಕ್ಕೆ ಎಳೆದುಕೊಳ್ಳತೊಡಗಿದರು. ಅವರ ನಡುವೆ ಅಮ್ಮನ ಕೊಡವೂ ಇತ್ತು. ಮರುದಿನ ಬೆಳಿಗ್ಗೆ ಭಟ್ಟರು ನನ್ನ ಮುಂದೆ ಇಡ್ಲಿಯ ತಟ್ಟೆ ಇಟ್ಟು, ಸೂರು ನೋಡುತ್ತಲೇ ಮೆಲ್ಲಗೆ ಹೇಳಿದರು:

"ಕೈ ಸಮಾ ತೊಳ್ಕೋ ಮಗಾ. ವಾಸನೆ ಹೋಯ್ಲಿಲ್ಲ ಇನ್ನೂ."

ಆ ತಿಂಗಳ ಕೊನೆಗೆ ಹಣಮಂತ ಸಾತಪುರದ ಕೆಲಸ ಬಿಟ್ಟ. ಔರಂಗಾಬಾದಿನಲ್ಲಿ ಅವನ ಊರಿನವರು ಯಾರೋ ಇದ್ದರು, ಅಲ್ಲಿ ಏನಾದರೂ ಸಿಗುತ್ತದೆ ಎಂದು ಹೊರಟರು. ಹೊರಡುವ ಹಿಂದಿನ ದಿನವೆಲ್ಲ ಅಮ್ಮ ಚಡಪಡಿಸಿದಳು. ನಾನು ಅವಳಿಗೆ ಪಶ್ಚಾತ್ತಾಪವೆಂದು ತಿಳಿದೆ. ಅವಳ ಚಿಂತೆ ಚಟ್ಟಿಯದು. ಖಾಲಿ ಕೋಣೆಯಲ್ಲಿ ಬಿಟ್ಟುಹೋದರೆ ಬಾಳ ಆಳು ನೋಡುತ್ತಾನೆ, ಇದು ಕುಂದಾಪುರದ ಚಟ್ಟಿಯೆಂದು ಭಟ್ಟರು ಗುರುತು ಹಿಡಿಯುತ್ತಾರೆ. ನಮ್ಮ ಮನೆಗೆ ತಂದಿಡುವಂತಿಲ್ಲ. ಒಡೆದು ಹಾಕು ಎನ್ನಲು ಬಾಯಿ ಬರುವುದಿಲ್ಲ. ಶಾಂತವ್ವ ಅಷ್ಟನ್ನೂ ತಾನೇ ಯೋಚಿಸಿದ್ದಳು. ಟಾಂಗಾದಲ್ಲಿ ಕೂತಾಗ ಅವಳ ಮಡಿಲಲ್ಲಿ ಕೌದಿಯ ಒಂದು ಗಂಟು ದುಂಡಗಿತ್ತು. ಅಮ್ಮ ತಂದ ಹಾಗೆಯೇ ಮಡಿಲಲ್ಲಿಟ್ಟುಕೊಂಡು ಅದನ್ನು ಒಯ್ದಳು. ನಾನು ಹೋಟೆಲಿನ ಕಂಬದ ಮರೆಯಲ್ಲಿ ನಿಂತಿದ್ದೆ. ನನ್ನನ್ನು ಕಂಡು, ದಿನಾ ಕೇಳುವುದನ್ನೇ ಕೇಳಿದಳು:

"ಉಂಡೀ ಏನು ತಂಗಿ?"

ತಲೆ ಆಡಿಸಿದೆ. ಟಾಂಗಾ ಹೋಯಿತು.

ಅಲ್ಲಿಂದ ಮುಂದೆ ನಾಸಿಕ್‌ನಲ್ಲಿ ನಾವು ಮೀನು ತಿನ್ನಲಿಲ್ಲ. ಚಟ್ಟಿಯಿಲ್ಲ, ಒಲೆಯಿಲ್ಲ, ತನ್ನ ಹೆಸರನ್ನು ನಮಗೆ ಎರವಲು ಕೊಡುವವರು ಇನ್ನೊಬ್ಬರು ಸಿಗಲಿಲ್ಲ. ಹಲಗೆ ಹೇಳುತ್ತಿದ್ದುದನ್ನೇ ನಾವು ಆಗಿಬಿಟ್ಟೆವು, ಭಕ್ತಿಯಿಂದಲ್ಲ, ಹೇಡಿತನದಿಂದ. ಜನ ನಮ್ಮನ್ನು ಇನ್ನಷ್ಟು ಗೌರವಿಸಿದರು. ಶಾಂತವ್ವ ಹೋದ ಮರುವಾರ ಅಮ್ಮ ಆ ಅಂಚು ಮುರಿದ ಕಪ್ಪನ್ನು ಮೊಳೆಯಿಂದ ಇಳಿಸಿದಳು. ಎಸೆಯಲಿಲ್ಲ, ಹಿಟ್ಟಿನ ಡಬ್ಬಿಯಲ್ಲಿ ಅಳತೆಗೆ ಹಾಕಿಟ್ಟಳು. ನಾನು ಬಾಗೆ ಪೋಥಿ ಓದುವುದನ್ನು ಮುಂದುವರಿಸಿದೆ. ಕಲ್ಲುಸಕ್ಕರೆಯನ್ನೂ ತಿಂದೆ.

ಎಂಟು ಒಂಬತ್ತು ವರ್ಷಗಳ ಮೇಲೆ ಅಪ್ಪ ಇನ್ನೊಬ್ಬರ ಜೊತೆ ಸೇರಿ ಔರಂಗಾಬಾದಿನಲ್ಲಿ ಎರಡನೇ ಹೋಟೆಲು ತೆರೆದರು. ಈಗ ಛತ್ರಪತಿ ಸಂಭಾಜಿನಗರ ಎನ್ನಬೇಕು, ಆಗ ಎಲ್ಲರ ಬಾಯಲ್ಲೂ ಔರಂಗಾಬಾದೇ. ಅಲ್ಲಿ ಕನ್ನಡ ಎಂಬ ಹೆಸರಿನದೇ ಒಂದು ತಾಲೂಕಿನ ಊರುಂಟು, ಅಲ್ಲಿಗೆ ಹೋಗುವ ಬಸ್ಸುಗಳು ಅದರ ಮುಂದೆಯೇ ಹಾದುಹೋಗುತ್ತಿದ್ದವು. ಪೂಜೆಗೆ ನಾವೆಲ್ಲ ಹೋದೆವು. ಕಾಲೇಜಿನಲ್ಲಿ ನನ್ನ ಜೊತೆಗಿದ್ದ ಹಂಸಾ, ವೇರೂಳದ, ಎಂದರೆ ಎಲ್ಲೋರದ, ಗುಹೆ ನೋಡಬೇಕೆಂದು ನಮ್ಮೊಡನೆ ಬಂದಿದ್ದಳು. ಹೋಟೆಲಿಗೆ ತರಕಾರಿ ತರುವವನೊಬ್ಬ ಕನ್ನಡ ಮಾತಾಡುತ್ತಿದ್ದ, ಅವನನ್ನು ಕೇಳಿದೆ. ಹಣಮಂತನ ಮನೆ ಗೊತ್ತು, ಕಾರ್ಖಾನೆಯ ಹಿಂದಿನ ಕೂಲಿಕಾರರ ಕೇರಿ ಎಂದ. ಅಮ್ಮನಿಗೆ ಹೇಳದೆ ಹೊರಟೆ. ಒಬ್ಬಳೇ ಹೋಗಬೇಕೆಂದಿದ್ದೆ, ಹಂಸಾ ತಾನೂ ಬರುತ್ತೇನೆಂದಳು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಒಬ್ಬಳೇ ಎದುರು ನಿಲ್ಲಲು ಹೆದರಿಕೆಯಾಗಿ ಅವಳನ್ನು ಗುರಾಣಿಯಂತೆ ಕರೆದೊಯ್ದೆ ಎಂದು ಈಗ ಅನಿಸುತ್ತದೆ.

ಮಧ್ಯಾಹ್ನದ ಹೊತ್ತು. ಆ ಓಣಿಯಲ್ಲಿ ಮೂರು ಮನೆಯಲ್ಲಿ ಮೀನು ಹುರಿಯುತ್ತಿದ್ದರು, ಬಾಗಿಲು ಕಿಟಕಿ ಎಲ್ಲ ತೆರೆದೇ ಇದ್ದವು. ಹಂಸಾ ಕರವಸ್ತ್ರ ಮೂಗಿಗೆ ಹಿಡಿದಳು. ಶಾಂತವ್ವ ಹೊಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಒಂದೇ ನೋಟಕ್ಕೆ ಗುರುತಿಸಿದಳು.

"ಬೇಬಿ! ನನ್ನವ್ವ, ಎಷ್ಟ ಎತ್ತರ ಆಗೀದಿ! ಬರ್ರಿ, ಒಳಗ ಬರ್ರಿ. ಇವ್ರು ಹಂಸಾಬಾಯಿ ಅಲ್ಲೇನು?"

ಹಂಸಾಳ ಕರವಸ್ತ್ರ ಕಂಡ ಕೂಡಲೇ ಒಳಗೆ ಓಡಿ, ಒಲೆಯ ಮೇಲಿದ್ದುದನ್ನು ಇಳಿಸಿ ಹಿತ್ತಲಿಗೆ ಒಯ್ದಳು. ತಾಟು ಮುಚ್ಚಿದ ಆ ದುಂಡು ಕಪ್ಪು ಹೊಟ್ಟೆಯನ್ನು ನಾನು ನೋಡಿದೆ. ಕಂಠದ ಹತ್ತಿರ ಬಿರುಕಿಗೆ ತಂತಿ ಬಿಗಿದಿತ್ತು. ಅಮ್ಮನ ಚಟ್ಟಿ. ಹಿಂದಿರುಗಿ ಬಂದವಳು ಕೈ ಕಾಲು ತೊಳೆದು, ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಬಟ್ಟೆಯಲ್ಲಿ ಸುತ್ತಿದ್ದ ಎರಡು ಹೊಸ ಕಪ್ಪು ತೆಗೆದಳು. ಚಹಾ ಮಾಡಿ ಅವುಗಳಲ್ಲಿ ಬಗ್ಗಿಸಿ ನಮ್ಮ ಮುಂದೆ ಇಟ್ಟಳು.

"ಕುಡೀರಿ. ಇವಕ್ಕ ಏನೂ ಮುಟ್ಟಿಲ್ರಿ. ನಿಮ್ಮಂಥ ಶುದ್ಧ ಮಂದಿ ಬಂದ್ರ ಇರ್ಲಿ ಅಂತ ಬ್ಯಾರೆ ಇಟ್ಟೀನಿ."

ಅದನ್ನೇ ಹಂಸಾಗೂ ತಿಳಿಯಲೆಂದು ಹರಕು ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದಳು. ಎರಡು ಕಪ್ಪೂ ಒಂದೇ ಥರ. ಅವಳು ಚುಚ್ಚಿ ಮಾತಾಡಿದಳೇ ಎಂದು ಮುಖ ನೋಡಿದೆ. ಇಲ್ಲ. ಹಂಸಾ ಕೂತಿದ್ದಾಳೆ, ನನ್ನ ಮಾನ ಕಾಯಬೇಕು, ಅಷ್ಟೇ. ಅಂಗಳದಲ್ಲಿ ನಾನು ಹೇಳಿದ ಸುಳ್ಳನ್ನು ಅವಳು ಅಷ್ಟು ವರ್ಷ ತೊಳೆದು, ಬಟ್ಟೆಯಲ್ಲಿ ಸುತ್ತಿ ಜೋಪಾನ ಮಾಡಿದ್ದಳು. ನಾನು ಕಪ್ಪು ತೆಗೆದುಕೊಂಡೆ. ಬಾ ಹೇಗಿದ್ದಾರೆ ಎಂದು ಶಾಂತವ್ವ ಕೇಳಿದಳು. ಹೋದ ವರ್ಷ ತೀರಿಕೊಂಡಳು ಎಂದು ಹಂಸಾ ಹಿಂದಿಯಲ್ಲಿ ಹೇಳಿದಳು. ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಂಸಾ ಕೆಟ್ಟ ಹುಡುಗಿಯಲ್ಲ, ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೇ ಆಡುವವಳು. ಬಾಗೆ ನಿಮ್ಮ ಮೇಲೆ ಬಹಳ ಜೀವವಿತ್ತು, ಶಾಂತವ್ವ ಮಾತು ಮುರಿದಳಲ್ಲ ಎಂದು ಕೊನೆಯವರೆಗೂ ಕೊರಗುತ್ತಿದ್ದಳು ಎಂದಳು. ಶಾಂತವ್ವ ತಲೆ ತಗ್ಗಿಸಿ 'ಹ್ವಾದ್ರಿ' ಎಂದಳು. ನಾನು ಬಾಯಿ ತೆರೆದೆ. ಅಂದಿನ ಮೂರು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಗೊತ್ತಿತ್ತು. ಹಂಸಾ ತಿಳಿದರೆ ವಾಡೆ ತಿಳಿಯುತ್ತದೆ, ವಾಡೆ ತಿಳಿದರೆ ಹೋಟೆಲು, ಅಪ್ಪ, ಇವತ್ತಷ್ಟೇ ಪೂಜೆಯಾದ ಹೊಸ ಹಲಗೆ. ತೆರೆದ ಬಾಯಿಗೆ ಚಹಾ ಹಾಕಿಕೊಂಡೆ. ಖಾಲಿಯಾದ ಕಪ್ಪುಗಳನ್ನು ಅವಳು ತೊಳೆದು, ಒರೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಮೇಲಿನ ಹಲಗೆಗೆ ಇಟ್ಟಳು.

ಹೊರಟೆವು. ಹಂಸಾ ಗಾಳಿ ಬೇಕೆಂದು ಬೇಗ ಬೇಗ ಮುಂದೆ ನಡೆದಳು. ಶಾಂತವ್ವ ನನ್ನ ಮುಂಗೈ ಹಿಡಿದು ಹೊಸಿಲಲ್ಲೇ ನಿಲ್ಲಿಸಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, ತೀರ ಸಣ್ಣ ದನಿಯಲ್ಲಿ, ಹಂಸಾಗೆ ತಿಳಿಯದ ನಮ್ಮಿಬ್ಬರ ಕನ್ನಡದಲ್ಲಿ ಹೇಳಿದಳು:

"ಬಂಗಡಿ ಸಾರ ಅದ ತಂಗಿ, ನಿಮ್ಮವ್ವ ಕಲಿಸಿದ್ದು. ಅಕಿನ್ನ ಹೋಟೆಲಕ ಮುಟ್ಟಸಿ ಬಾ. ನಾ ಕಿಡಕಿ ಮುಚ್ಚತೀನಿ."

"ಬರ್ತೀನಿ ಚಿಗವ್ವ," ಎಂದೆ.

ಸಂಜೆಯ ಬಸ್ಸಿಗೆ ಇನ್ನೂ ಮೂರು ಗಂಟೆಯಿತ್ತು. ಹೋಟೆಲಿನಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ, ನನಗೆ ಯಾವ ಕೆಲಸವೂ ಇರಲಿಲ್ಲ. ಹಂಸಾ ಮಲಗಿ ನಿದ್ದೆ ಹೋದಳು. ಆ ಚಟ್ಟಿಯಿಂದ ಒಂದು ತುತ್ತು ಉಂಡರೆ ಎಲ್ಲವನ್ನೂ ಎಲ್ಲರಿಗೂ ಹೇಳಿಬಿಡುತ್ತೇನೆ ಎಂಬ ಭಯಕ್ಕೆ ನಾನು ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಿಂದ ಏಳಲಿಲ್ಲ. ರಸ್ತೆಯಲ್ಲಿ ಬಸ್ಸುಗಳು ಹೋಗುವುದನ್ನು ನೋಡುತ್ತ ಕೂತೆ. ಎಲ್ಲರ ಮನೆಯ ಕಿಟಕಿಯೂ ತೆರೆದಿದ್ದ ಆ ಓಣಿಯಲ್ಲಿ ಒಂದು ಕಿಟಕಿ ಮಾತ್ರ ಮುಚ್ಚಿತ್ತು, ನನಗಾಗಿ. ಕತ್ತಲಾಗುವ ತನಕ ಅವಳು ಅದನ್ನು ತೆರೆದಿರಲಾರಳು.